ಚೀನಾದಲ್ಲಿ ಕೆಂಡದ ಮೇಲೆ ಸುಡುವ ಮಾಂಸದ ಕಡ್ಡಿಗೆ ಅಷ್ಟು ಘಮ ಎಲ್ಲಿಂದ ಬರುತ್ತದೆ?

ಕೊಬ್ಬು ಮತ್ತು ಜೀರಿಗೆಯಿಂದ. ಈ ತಿನಿಸಿಗೆ ಬೀಜಿಂಗ್ ಕಡೆ ‘ಚುವಾರ್’ ಅಂತಾರೆ. ಹೆಚ್ಚು ಹೆಸರಾದದ್ದು ವಾಯವ್ಯ ಚೀನಾದ ಶಿನ್‌ಜಿಯಾಂಗ್‌ನ ಉಯ್ಘುರ್ ಜನರ ಕುರಿಮಾಂಸದ ಕಡ್ಡಿ. ಮಾಂಸದ ತುಂಡುಗಳ ನಡುವೆ ಕೊಬ್ಬಿನ ತುಂಡನ್ನೂ ಪೋಣಿಸುತ್ತಾರೆ. ಅದು ಕರಗಿ ಪಕ್ಕದ ಮಾಂಸ ಒಣಗದಂತೆ ಕಾಯುತ್ತದೆ. ಕೆಂಡಕ್ಕೆ ತೊಟ್ಟಿಕ್ಕಿದಾಗ ಏಳುವ ಹೊಗೆ ಮಾಂಸಕ್ಕೆ ಹತ್ತುತ್ತದೆ. ಗ್ಯಾಸ್ ಒಲೆಯಲ್ಲಿ ಈ ರುಚಿ ಬರುವುದಿಲ್ಲ. ಸುಡುವಾಗಲೇ ಜೀರಿಗೆ, ಒಣಮೆಣಸಿನ ಪುಡಿ, ಉಪ್ಪು ಉದುರಿಸುತ್ತಾರೆ. ಜೀರಿಗೆ ನಮಗೂ ಒಗ್ಗರಣೆಯಿಂದ ಪರಿಚಯದ ವಾಸನೆ, ಅಲ್ವಾ?

ಉಯ್ಘುರ್ ವ್ಯಾಪಾರಿಗಳು 1980ರ ದಶಕದಲ್ಲಿ ಇದನ್ನು ದೊಡ್ಡ ನಗರಗಳ ಬೀದಿಗೆ ತಂದರು. ಆದರೆ ಪದ್ಧತಿ ತುಂಬಾ ಹಳೆಯದು. ಪೂರ್ವ ಚೀನಾದ ಶಾನ್‌ಡಾಂಗ್‌ನಲ್ಲಿ ಸಿಕ್ಕ, ಸುಮಾರು ಎರಡು ಸಾವಿರ ವರ್ಷ ಹಿಂದಿನ ಹಾನ್ ರಾಜವಂಶದ ಕಾಲದ ಕಲ್ಲಿನ ಕೆತ್ತನೆಯಲ್ಲೇ ಕಡ್ಡಿಗೆ ಚುಚ್ಚಿದ ಮಾಂಸ ಸುಡುವವರಿದ್ದಾರೆ.

ಅಂಗಡಿ ಗುರುತಿಸುವುದು ಸುಲಭ: ಎರಡು ಚೌಕಗಳನ್ನು ಒಂದು ಗೆರೆಗೆ ಪೋಣಿಸಿದಂತೆ ಕಾಣುವ ಅಕ್ಷರ ಬೋರ್ಡಿನ ಮೇಲಿರುತ್ತದೆ.