ಏಳು ಮಂದಿ, ಒಂದು ಮಗ್ಗ, ಎರಡು ದಿನ

ಓದುಗರ ಪತ್ರ: "ನಾವು ಪತ್ರಿಕೋದ್ಯಮ ಓದುತ್ತಿರುವ ಏಳು ಜನ ಗೆಳೆಯರು. ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ) ನೇಯುವ ಮನೆಯೊಂದರಲ್ಲಿ ನಡೆಯುವ ಕಿರುಚಿತ್ರ ಮಾಡುವವರಿದ್ದೇವೆ. ಚಿತ್ರಕಥೆಯನ್ನೂ ಬಜೆಟ್ ಹಾಳೆಯನ್ನೂ ಜೊತೆಗಿಟ್ಟಿದ್ದೇವೆ. ಚಿತ್ರಕಥೆ 12 ಪುಟ, ಶಾಟ್ 86, ಚಿತ್ರೀಕರಣಕ್ಕೆ ಎರಡು ದಿನ. ಏಳರಲ್ಲಿ ಐವರಿಗೆ ನಿರ್ದೇಶಕರಾಗುವ ಆಸೆ. ಹೋದ ವರ್ಷದ ನಮ್ಮ ಚಿತ್ರದಲ್ಲಿ ಮಾತು ಬಾವಿಯೊಳಗಿಂದ ಬಂದಂತೆ ಕೇಳುತ್ತದೆ, ಚಹಾದ ಕಪ್ಪು ಎಡಗೈಯಿಂದ ಬಲಗೈಗೆ ತಾನೇ ಹಾರುತ್ತದೆ, ಟ್ಯೂಬ್‌ಲೈಟ್ ಇದ್ದಲ್ಲೆಲ್ಲ ಪಟ್ಟೆ ಏಳುತ್ತವೆ. ಈ ಸಲ ಯಾರು ಯಾವ ಕೆಲಸ ಮಾಡಬೇಕು? ಬಾದಾಮಿಯ ಗುಹೆಯೊಳಗೆ ಒಂದು ಶಾಟ್ ತೆಗೆಯಬಹುದೆ? ಮುಂದೆ ಇದನ್ನೇ ಓದಬೇಕೆಂದರೆ ಎಲ್ಲಿ?" – ಒಬ್ಬ ವಿದ್ಯಾರ್ಥಿ, ಬಾಗಲಕೋಟೆ

ಸಂಪಾದಕರ ಉತ್ತರ:

ಐವರು ನಿರ್ದೇಶಕರ ಜಗಳವನ್ನು ಚೀಟಿ ಎತ್ತಿಯಾದರೂ ಬಗೆಹರಿಸಿಕೊಳ್ಳಿ. ಅದು ದೊಡ್ಡ ತೊಂದರೆಯಲ್ಲ. ಹೋದ ವರ್ಷದ ಮೂರು ದೋಷಗಳಲ್ಲಿ ಒಂದನ್ನೂ ನಿರ್ದೇಶಕರ ತಲೆಗೆ ಕಟ್ಟುವಂತಿಲ್ಲ. ಕ್ಯಾಮೆರಾ ಓಡುತ್ತಿದ್ದಾಗ ಆ ಮೂರು ಸಂಗತಿಗಳ ಮೇಲೆ ನಿಮ್ಮಲ್ಲಿ ಯಾರದೂ ಕಣ್ಣಿರಲಿಲ್ಲ, ಕಿವಿಯಿರಲಿಲ್ಲ, ಅಷ್ಟೇ.

ಸಿನಿಮಾ ಮುಗಿದ ಮೇಲೆ ಪರದೆ ತುಂಬ ಏರಿಹೋಗುವ ಹೆಸರುಗಳನ್ನು ನೋಡಿ ತಂಡ ಕಟ್ಟಲು ಹೋಗಬೇಡಿ. ಒಂದು ಟೇಕಿನ, ಅಂದರೆ ಶಾಟನ್ನು ಒಮ್ಮೆ ತೆಗೆಯುವಾಗಿನ, ನಲವತ್ತು ಸೆಕೆಂಡುಗಳನ್ನು ಮಾತ್ರ ಎದುರಿಗಿಟ್ಟುಕೊಳ್ಳಿ. ಆ ನಲವತ್ತು ಸೆಕೆಂಡಿನಲ್ಲಿ ಒಬ್ಬರು ನಟನ ಮುಖ ನೋಡಬೇಕು, ಒಬ್ಬರು ಚೌಕಟ್ಟು ನೋಡಬೇಕು, ಒಬ್ಬರು ಫೋಕಸ್ ಹಿಡಿಯಬೇಕು, ಒಬ್ಬರು ಧ್ವನಿ ಕೇಳಬೇಕು, ಒಬ್ಬರು ಹಿಂದಿನ ಶಾಟಿಗೂ ಇದಕ್ಕೂ ತಾಳೆ ನೋಡಬೇಕು, ಒಬ್ಬರು ಗಡಿಯಾರ ನೋಡಬೇಕು. ಒಂದೇ ಹೊತ್ತಿಗೆ ನಡೆಯುವ ಎರಡು ಕೆಲಸಗಳನ್ನು ಒಬ್ಬರಿಗೆ ಕೊಟ್ಟರೆ ಒಂದು ಕೆಡುವುದು ಖಾತ್ರಿ. ಬೇರೆ ಬೇರೆ ಹೊತ್ತಿಗೆ ನಡೆಯುವ ಕೆಲಸಗಳನ್ನು ಎಷ್ಟು ಬೇಕಾದರೂ ಜೋಡಿಸಬಹುದು. ಏಳು ಮಂದಿಯ ತಂಡಕ್ಕೆ ನಾವು ಸೂಚಿಸುವ ಹಂಚಿಕೆ ಈ ಲೆಕ್ಕದ ಮೇಲೆಯೇ ನಿಂತಿದೆ.

ನಿರ್ದೇಶಕರಿಗೆ ನಿರ್ದೇಶನ ಬಿಟ್ಟು ಬೇರೇನೂ ಬೇಡ. ಕ್ಯಾಮೆರಾ ಹಿಡಿದ ನಿರ್ದೇಶಕ ಚೌಕಟ್ಟನ್ನು ನೋಡುತ್ತಾನೆ, ನಟನ ಮುಖ ಕೈಬಿಡುತ್ತದೆ. ಸಹ ನಿರ್ದೇಶಕರದು ಗಡಿಯಾರ: ವೇಳಾಪಟ್ಟಿ ಬರೆಯುವುದು, ನಟರನ್ನು ಸಿದ್ಧವಾಗಿಡುವುದು, ಕ್ಲ್ಯಾಪ್ ಹೊಡೆಯುವುದು, "ಈ ಶಾಟಿಗೆ ಇನ್ನು ಹತ್ತೇ ನಿಮಿಷ" ಎಂದು ನಿರ್ದೇಶಕರ ಮುಖಕ್ಕೇ ಹೇಳುವುದು. ಗೆಳೆತನಕ್ಕೆ ಅಂಜುವವರಿಗೆ ಈ ಕೆಲಸ ಆಗದು. ಛಾಯಾಗ್ರಾಹಕರು ಬೆಳಕನ್ನೂ ಯೋಚಿಸಲಿ. ಬೆಳಕು ಕಟ್ಟುವುದು ಟೇಕಿಗಿಂತ ಮೊದಲು, ಹಾಗಾಗಿ ಎರಡನ್ನೂ ಒಬ್ಬರು ಮಾಡಬಹುದು. ಅವರ ಸಹಾಯಕರು ದೀಪ ಎತ್ತಿಡುತ್ತಾರೆ, ಟೇಕಿನ ಹೊತ್ತಿಗೆ ಫೋಕಸ್ ಹಿಡಿಯುತ್ತಾರೆ. ಧ್ವನಿಯವರು ರೆಕಾರ್ಡರನ್ನು ಹೆಗಲಿಗೆ ಹಾಕಿಕೊಂಡು ಬೂಮನ್ನೂ (ಮೈಕು ಕಟ್ಟಿದ ಉದ್ದ ಕೋಲು) ತಾವೇ ಹಿಡಿಯಲಿ. ಕಲೆ, ಉಡುಪು, ಕಂಟಿನ್ಯುಟಿ ಮೂರೂ ಆರನೆಯವರಿಗೆ. ಸಾಮಾನು ಹೊಂದಿಸುವುದು ಟೇಕಿಗೆ ಮುಂಚೆ, ತಾಳೆ ನೋಡುವುದು ಟೇಕಿನ ಹೊತ್ತಿಗೆ. ಕಪ್ಪನ್ನು ಇಟ್ಟವರಿಗೇ ಅದು ಎಲ್ಲಿತ್ತೆಂಬುದೂ ನೆನಪಿರುತ್ತದೆ.

ಏಳನೆಯವರು ಪ್ರೊಡಕ್ಷನ್ ಮ್ಯಾನೇಜರ್. ಊಟ, ಗಾಡಿ, ಮನೆಯವರ ಒಪ್ಪಿಗೆ ಪತ್ರ, ಬಾಗಿಲಲ್ಲಿ ನೆರೆಯುವ ಹುಡುಗರ ಗದ್ದಲ ಎಲ್ಲವೂ ಇವರದೇ. ಚಿತ್ರೀಕರಣ ಮುಗಿದ ಮೇಲೆ ಇವರೇ ಸಂಕಲನಕಾರರಾಗಲಿ. ಶಾಟ್ ತೆಗೆಯಲು ಪಟ್ಟ ಪಾಡು ಇವರು ಹತ್ತಿರದಿಂದ ಕಂಡಿರುವುದಿಲ್ಲ. ಹಾಗಾಗಿ, ಮೂರು ತಾಸು ಬೆವರು ಸುರಿಸಿ ತೆಗೆದ ಶಾಟನ್ನೂ ಬೇಡವೆನಿಸಿದರೆ ಮುಲಾಜಿಲ್ಲದೆ ಕಿತ್ತುಹಾಕುತ್ತಾರೆ. ನಿರ್ದೇಶಕರೇ ಸಂಕಲನಕ್ಕೆ ಕೂತರೆ ಅದು ಕಷ್ಟ.

ಇನ್ನು ನಿಮ್ಮ ದೋಷಗಳು. ಪಟ್ಟೆಯದು ಎಲ್ಲಕ್ಕಿಂತ ಸುಲಭ. ನಮ್ಮ ಮನೆಯ ಕರೆಂಟು 50 ಹರ್ಟ್ಸಿನದು, ಹಳೆಯ ಚೋಕಿನ ಟ್ಯೂಬ್‌ಲೈಟು ಅದರಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಿಮ್ಮ ಕ್ಯಾಮೆರಾ ಸೆಕೆಂಡಿಗೆ 30 ಫ್ರೇಮ್, 1/60 ಸೆಕೆಂಡಿನ ಶಟರ್‌ನಲ್ಲಿ ಇದ್ದಿರಬೇಕು. ಎಷ್ಟೋ ಕ್ಯಾಮೆರಾಗಳು, ಫೋನುಗಳು ಹಾಗೆಯೇ ಬರುತ್ತವೆ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಎಂದು ಬದಲಿಸಿ, ಆಗ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿನುಗು ಬಿದ್ದು ಪಟ್ಟೆ ಹೋಗುತ್ತದೆ. ಅಗ್ಗದ ಎಲ್‌ಇಡಿ ಬಲ್ಬುಗಳು ಕೆಲವು ಆಗಲೂ ಮಿನುಗುತ್ತವೆ. ಲೊಕೇಶನ್ ನೋಡಲು ಹೋದ ದಿನವೇ ಪ್ರತಿ ಕೋಣೆಯಲ್ಲೂ ಹತ್ತು ಸೆಕೆಂಡು ತೆಗೆದು ಲ್ಯಾಪ್‌ಟಾಪ್‌ನಲ್ಲಿ ನೋಡಿ.

ಬಾವಿಯೊಳಗಿನ ಮಾತಿಗೆ ಕಾರಣ ಕ್ಯಾಮೆರಾದ ಮೇಲಿನ ಮೈಕು. ಅದು ನಟನಿಂದ ಹತ್ತಡಿ ದೂರ, ಬರಿಗೋಡೆಗೆ ಬಡಿದು ಬಂದ ಧ್ವನಿಗೇ ಹತ್ತಿರ. ಬೂಮ್ ಮೈಕು ಬಾಯಿಗೆ ಒಂದೂವರೆಯಿಂದ ಎರಡಡಿ ದೂರದಲ್ಲಿ, ಚೌಕಟ್ಟಿನ ಮೇಲಂಚಿಗೆ ತುಸು ಹೊರಗೆ, ಎದೆಯ ಕಡೆ ಮುಖ ಮಾಡಿ ಇರಬೇಕು. ದೂರ ಇಮ್ಮಡಿಯಾದರೆ ನೇರ ಧ್ವನಿ 6 ಡೆಸಿಬಲ್ ಇಳಿಯುತ್ತದೆ, ಗೋಡೆಯ ಮಾರ್ದನಿ ಮಾತ್ರ ಇದ್ದಷ್ಟೇ ಇರುತ್ತದೆ. ಇದನ್ನು ಕಿವಿಯಾರೆ ಅರಿಯಬೇಕಾದರೆ ಒಮ್ಮೆ ವಿಜಯಪುರದ ಗೋಲಗುಮ್ಮಟದೊಳಗೆ ಗೆಳೆಯನನ್ನು ಎರಡಡಿ ದೂರ ನಿಲ್ಲಿಸಿ ಮಾತಾಡಿಸಿ, ಆಮೇಲೆ ಇಪ್ಪತ್ತಡಿ ದೂರ ನಿಲ್ಲಿಸಿ. ರೆಕಾರ್ಡರಿನಲ್ಲಿ 48 ಕಿಲೋಹರ್ಟ್ಸ್, 24 ಬಿಟ್. ಮಾತಿನ ಏರು ಮೈನಸ್ 12 ಡೆಸಿಬಲ್ ದಾಟದಿರಲಿ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಕೇ ಬೇಕು. ಪಡಸಾಲೆಯ ನೆಲಕ್ಕೆ, ಎದುರು ಗೋಡೆಗೆ ಒಂದೆರಡು ಕೌದಿ ಹಾಕಿದರೆ ಸಾಕಷ್ಟು ಮಾರ್ದನಿ ಅಲ್ಲೇ ಸಾಯುತ್ತದೆ. ಪ್ರತಿ ಕೋಣೆಯಲ್ಲೂ ಎಲ್ಲರೂ ಸುಮ್ಮನೆ ನಿಂತು ಒಂದು ನಿಮಿಷ ಬರಿಯ ಮೌನವನ್ನು ರೆಕಾರ್ಡ್ ಮಾಡಿಕೊಳ್ಳಿ. ಸಂಕಲನದಲ್ಲಿ ಮಾತು-ಮಾತಿನ ನಡುವೆ ತೇಪೆ ಹಾಕಲು ಅದೇ ಬಟ್ಟೆ.

ಕಪ್ಪಿನದು ಕಂಟಿನ್ಯುಟಿ. ಶಾಟ್ ಶುರುವಾಗುವಾಗ ಫೋಟೋ ತೆಗೆಯುವುದು ಎಲ್ಲರ ತಪ್ಪು. "ಕಟ್" ಎಂದಾಕ್ಷಣ, ನಟರು ಅಲ್ಲಾಡುವ ಮುಂಚೆ ತೆಗೆಯಬೇಕು. ಜೊತೆಗೆ ವಹಿಯಲ್ಲಿ ಶಾಟ್ ಸಂಖ್ಯೆ, ಯಾವ ಕೈ, ಕಪ್ಪಿನಲ್ಲಿ ಚಹಾ ಎಷ್ಟು, ಯಾವ ಶಬ್ದ ಆಡುವಾಗ ಕಪ್ಪು ಎತ್ತಿದರು ಎಂಬುದನ್ನು ಬರೆದಿಡಿ. ಕೊನೆಯದೇ ಮುಖ್ಯ.

ಮಗ್ಗದ ಮನೆ ಆರಿಸಿಕೊಂಡಿದ್ದಕ್ಕೆ ನಿಮ್ಮ ಕಂಟಿನ್ಯುಟಿಯವರಿಗೆ ಹೆಚ್ಚಿನದೊಂದು ಪರೀಕ್ಷೆ ಕಾದಿದೆ. ಕಪ್ಪನ್ನು ಹಿಂದಿನ ಜಾಗಕ್ಕೆ ಇಡಬಹುದು, ನೇಯ್ದ ಬಟ್ಟೆಯನ್ನು ಬಿಚ್ಚಲಾಗುವುದಿಲ್ಲ. ಲಾಳಿ ಓಡಿದಷ್ಟೂ ಖಣ ಬೆಳೆಯುತ್ತದೆ, ವಿನ್ಯಾಸ ಮುಂದೆ ಸರಿದು ಸುತ್ತಿಕೊಳ್ಳುತ್ತದೆ. ಉಳಿದ ದೃಶ್ಯಗಳನ್ನು ಹಿಂದು ಮುಂದು ತೆಗೆಯಿರಿ, ಬಟ್ಟೆ ಕಾಣುವ ಶಾಟುಗಳನ್ನು ಮಾತ್ರ ಕಥೆಯ ಸಾಲಿನಲ್ಲೇ ತೆಗೆಯಬೇಕು. ಬೇರೆ ದಾರಿಯಿಲ್ಲ.

ಎರಡನೆಯ ತೊಡಕು ಸದ್ದು. ಮಗ್ಗ ಆಡಿಸುತ್ತ ಮಾತಾಡುವ ನಾಲ್ಕು ದೃಶ್ಯ ಬರೆದಿದ್ದೀರಿ. ಹಾಗೇ ತೆಗೆದರೆ ಮಾತು ಮುಳುಗುವುದು ಒಂದು ಕಷ್ಟ. ಶಾಟ್ ಬದಲಾದಲ್ಲೆಲ್ಲ ಮಗ್ಗದ ತಾಳ ತಪ್ಪುವುದು ಅದಕ್ಕಿಂತ ದೊಡ್ಡ ಕಷ್ಟ. ನೋಡುವವರಿಗೆ ಕಾರಣ ತಿಳಿಯದಿದ್ದರೂ ಎಡವಿದಂತಾಗುತ್ತದೆ. ಮಾತಿನ ಶಾಟಿನಲ್ಲಿ ಕೈ ಮತ್ತು ಲಾಳಿ ಕಾಣದಂತೆ ಎದೆಯ ಮೇಲಕ್ಕೆ ಚೌಕಟ್ಟು ಇಡಿ, ಮಗ್ಗ ನಿಲ್ಲಿಸಿ, ನಟ ಮೈಯನ್ನಷ್ಟೇ ಆಡಿಸಲಿ. ಮಗ್ಗದ ಸದ್ದನ್ನು ಬೇರೆಯಾಗಿ, ದೂರದಿಂದ ಎರಡು ನಿಮಿಷ, ಲಾಳಿಯ ಪಕ್ಕದಿಂದ ಎರಡು ನಿಮಿಷ, ಎಲ್ಲೂ ನಿಲ್ಲಿಸದೆ ಹಿಡಿಯಿರಿ. ಸಂಕಲನದಲ್ಲಿ ಅದನ್ನು ದೃಶ್ಯದುದ್ದಕ್ಕೂ ಹಾಸಿದರೆ ತಾಳ ಕೂಡುತ್ತದೆ. ಪಕ್ಕದ ಮನೆಗಳಲ್ಲೂ ಮಗ್ಗ ಇರುತ್ತವೆ. ಅವರು ಊಟಕ್ಕೆ ಏಳುವ ಹೊತ್ತು ಕೇಳಿಟ್ಟುಕೊಂಡು ಮೆಲುಮಾತಿನ ದೃಶ್ಯವನ್ನು ಆಗ ಇಟ್ಟುಕೊಳ್ಳಿ. ನಿಮ್ಮ ಊಟ ಒಂದು ತಾಸು ತಡವಾಗುತ್ತದೆ, ಆಗಲಿ.

ಮೂರನೆಯದು ಫೋಕಸ್. 50 ಮಿಲಿಮೀಟರ್ ಲೆನ್ಸಿನಲ್ಲಿ, ಕಿಂಡಿಯನ್ನು ಎಫ್ 2.8ರಷ್ಟು ಅಗಲ ತೆರೆದು, ಐದಡಿ ದೂರದ ಮುಖ ತೆಗೆದರೆ ಎಪಿಎಸ್-ಸಿ (ಮಧ್ಯಮ ಗಾತ್ರದ) ಸೆನ್ಸರಿನ ಕ್ಯಾಮೆರಾದಲ್ಲಿ ನಿಚ್ಚಳವಾಗಿ ಕಾಣುವ ಆಳ ಸುಮಾರು ನಾಲ್ಕಿಂಚು. ನೇಕಾರ ಹಿಂದೆ ಮುಂದೆ ತೂಗುವುದು ಅದಕ್ಕಿಂತ ಹೆಚ್ಚು. ಕಿಂಡಿ ಕಿರಿದು ಮಾಡಿ ಎಫ್ 5.6ಕ್ಕೆ ಹೋದರೆ ಆಳ ಎಂಟಿಂಚಾಗುತ್ತದೆ, ಆದರೆ ನಾಲ್ಕು ಪಟ್ಟು ಬೆಳಕು ಬೇಕು. ಮಗ್ಗದ ಕೋಣೆಯಲ್ಲಿ ಅಷ್ಟು ಬೆಳಕಿರುವುದಿಲ್ಲ. ಕಿಟಕಿಯ ಹೊರಗೆ ಬಿಳಿ ಥರ್ಮೋಕೋಲ್ ಹಲಗೆ ನಿಲ್ಲಿಸಿ ಬಿಸಿಲನ್ನು ಒಳಗೆ ತಿರುಗಿಸುವುದು ಅಗ್ಗದ ಉಪಾಯ. ದೀಪ ಹಚ್ಚುವುದಾದರೆ, 1000 ವ್ಯಾಟಿನ ಒಂದು ದೀಪ ನಾಲ್ಕು ಆಂಪಿಯರಿಗಿಂತ ತುಸು ಹೆಚ್ಚೇ ಎಳೆಯುತ್ತದೆ ಎಂಬುದು ನೆನಪಿರಲಿ. ಗೋಡೆಯ ಸಣ್ಣ ಪ್ಲಗ್ಗು 6 ಆಂಪಿಯರಿನದು. ಅದಕ್ಕೆ ಎರಡು ಸಿಕ್ಕಿಸಿದರೆ ಫ್ಯೂಸ್ ಹಾರುತ್ತದೆ, ಹಾರದಿದ್ದರೆ ಇನ್ನೂ ಅಪಾಯ. ಎಕ್ಸ್‌ಟೆನ್ಶನ್ ವೈರನ್ನು ಸುರುಳಿಯಲ್ಲಿ ಬಿಡದೆ ಪೂರ್ತಿ ಬಿಚ್ಚಿ. ಸುರುಳಿಯಲ್ಲಿದ್ದ ವೈರು ಕಾದು ಕರಗಬಹುದು. ನೂಲು, ರೇಷ್ಮೆ ತುಂಬಿದ ಮನೆ ಅದು.

86 ಶಾಟಿನ ವಿಚಾರ. ಹತ್ತು ತಾಸಿನ ದಿನದಲ್ಲಿ ಸಾಮಾನು ಹೂಡಲು ಒಂದು ತಾಸು, ಊಟಕ್ಕೆ ಒಂದು, ನಾಷ್ಟಾ-ಚಹಾ-ಪ್ಯಾಕಪ್ಪಿಗೆ ಇನ್ನೊಂದು ಹೋದರೆ ಏಳು ತಾಸು ಉಳಿಯಿತು. ಎರಡು ದಿನಕ್ಕೆ 840 ನಿಮಿಷ. ಶಾಟಿಗೆ ಹತ್ತು ನಿಮಿಷವೂ ಬರಲಿಲ್ಲ. ಕ್ಯಾಮೆರಾ, ಬೆಳಕು ಎರಡನ್ನೂ ಹೊಸ ದಿಕ್ಕಿಗೆ ತಿರುಗಿಸಲು ನಿಮ್ಮಂಥ ತಂಡಕ್ಕೆ 25 ನಿಮಿಷ ಬೇಕು. ಅದೇ ದಿಕ್ಕಿನಲ್ಲಿ ಲೆನ್ಸ್ ಬದಲಿಸಿ ಹತ್ತಿರ ಹೋಗಲು 10 ಸಾಕು. ಶಾಟನ್ನು 48ಕ್ಕೆ ಇಳಿಸಿ: ಹೊಸ ದಿಕ್ಕಿನವು 14, ಅದಕ್ಕೆ 350 ನಿಮಿಷ, ಉಳಿದ 34ಕ್ಕೆ 340. ಮಿಕ್ಕ 150 ನಿಮಿಷ ಕರೆಂಟ್ ಹೋಗುವುದಕ್ಕೆ, ಮಗು ಅಳುವುದಕ್ಕೆ. ಪಟ್ಟಿಯನ್ನು ಕಥೆಯ ಕ್ರಮದಿಂದ ಬಿಡಿಸಿ ದಿಕ್ಕಿನ ಕ್ರಮಕ್ಕೆ ಜೋಡಿಸಿ, ಕಿಟಕಿಯ ಕಡೆ ನೋಡುವ ಶಾಟ್ ಎಲ್ಲ ಮುಗಿಸಿ ಆಮೇಲೆ ಬಾಗಿಲ ಕಡೆ ತಿರುಗಿ. ಬಟ್ಟೆ ಕಾಣುವವನ್ನು ಬಿಟ್ಟು, ಮೊದಲೇ ಹೇಳಿದಂತೆ.

ಟೇಕ್ ಶುರು ಮಾಡುವ ಕ್ರಮವನ್ನು ಹಿಂದಿನ ದಿನವೇ ಐದು ಸಲ ಆಡಿ ನೋಡಿ. ಸಹ ನಿರ್ದೇಶಕರು "ಸೈಲೆನ್ಸ್" ಅನ್ನುತ್ತಾರೆ, ಧ್ವನಿಯವರು "ರೋಲಿಂಗ್", ಕ್ಯಾಮೆರಾದವರು "ರೋಲಿಂಗ್", ದೃಶ್ಯ-ಶಾಟ್-ಟೇಕ್ ಸಂಖ್ಯೆ ಹೇಳಿ ಕ್ಲ್ಯಾಪ್, ಆಮೇಲೆ ನಿರ್ದೇಶಕರ "ಆಕ್ಷನ್". ಧ್ವನಿ ಮೊದಲು ಓಡುವುದು ರೀಲಿನ ಕಾಲದ ರೂಢಿ: 1000 ಅಡಿಯ ರೀಲು ಹನ್ನೊಂದು ನಿಮಿಷಕ್ಕೆ ಮುಗಿಯುತ್ತಿತ್ತು, ಟೇಪು ಅಗ್ಗವಿತ್ತು. ಈಗ ರೀಲಿಲ್ಲ, ಆದರೂ ಈ ಕ್ರಮದಿಂದ ಧ್ವನಿ ಒತ್ತುವುದನ್ನು ಯಾರೂ ಮರೆಯುವುದಿಲ್ಲ. ಕ್ಲ್ಯಾಪ್ ಶುರುವಿನಲ್ಲಿ ತಪ್ಪಿದರೆ ಕೊನೆಯಲ್ಲಿ ಹಲಗೆ ತಲೆಕೆಳಗೆ ಹಿಡಿದು ಹೊಡೆಯಿರಿ, ಸಂಕಲನಕಾರರಿಗೆ ಗೊತ್ತಾಗುತ್ತದೆ. ಅಂದಹಾಗೆ, ಕಾಲ್‌ಶೀಟ್ ಎಂದರೆ ನಮ್ಮ ಚಿತ್ರರಂಗದಲ್ಲಿ ನಟರು ಕೊಡುವ ದಿನಗಳು ಎಂಬ ಅರ್ಥವೂ ಇದೆ. ನೀವು ಹಿಂದಿನ ರಾತ್ರಿ ಎಲ್ಲರ ಫೋನಿಗೆ ಕಳಿಸಬೇಕಾದದ್ದು ಬೇರೆ: ಯಾರು ಎಷ್ಟೊತ್ತಿಗೆ, ಎಲ್ಲಿಗೆ, ಯಾವ ಉಡುಪಿನಲ್ಲಿ ಬರಬೇಕೆಂಬ ಒಂದು ಪುಟ.

ಕಾರ್ಡುಗಳ ಲೆಕ್ಕ ಚಿಕ್ಕದು. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ತಾಸಿಗೆ 45 ಜಿಬಿ. ಪುಟಕ್ಕೊಂದು ನಿಮಿಷದಂತೆ 12 ನಿಮಿಷದ ಚಿತ್ರಕ್ಕೆ ಎಂಟು ಪಟ್ಟು ತೆಗೆದರೆ 72 ಜಿಬಿ. ಊಟದ ಹೊತ್ತಿಗೊಮ್ಮೆ, ಪ್ಯಾಕಪ್ ಆದಮೇಲೊಮ್ಮೆ ಪ್ರೊಡಕ್ಷನ್‌ನವರು ಎರಡು ಬೇರೆ ಡಿಸ್ಕಿಗೆ ನಕಲು ಮಾಡಿ, ಮೊದಲ, ನಡುವಣ, ಕೊನೆಯ ಕ್ಲಿಪ್ ತೆರೆದು ನೋಡಬೇಕು. ಅಲ್ಲಿಯವರೆಗೆ ಯಾವ ಕಾರ್ಡನ್ನೂ ಫಾರ್ಮ್ಯಾಟ್ ಮಾಡಬೇಡಿ.

ಬಾದಾಮಿಯ ಶಾಟ್ ಕೈಬಿಡಿ. ಗುಹೆಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಿತ ಸ್ಮಾರಕ, ಚಿತ್ರೀಕರಣಕ್ಕೆ ಮುಂಚಿತವಾಗಿ ಪರವಾನಗಿ ಪಡೆದು ಶುಲ್ಕ ಕಟ್ಟಬೇಕು. ನಿಮ್ಮ ಕಥೆಗೆ ಅದರಿಂದ ಬರುವುದು ಒಂದು ಚೆಂದದ ಹಿನ್ನೆಲೆ ಮಾತ್ರ. ಗುಳೇದಗುಡ್ಡದ ಬೀದಿಯಲ್ಲಿ ತೆಗೆಯುವ ಶಾಟುಗಳಿಗೆ ಪುರಸಭೆಗೂ ಪೊಲೀಸ್ ಠಾಣೆಗೂ ಒಂದೊಂದು ಅರ್ಜಿ ಕೊಟ್ಟು, ಸ್ವೀಕೃತಿಯ ಪ್ರತಿಯನ್ನು ಜೇಬಿನಲ್ಲಿಟ್ಟುಕೊಳ್ಳಿ.

ಓದಿನ ಬಗ್ಗೆ: ಪುಣೆಯಲ್ಲಿ 1960ರಲ್ಲಿ ಶುರುವಾದ ಭಾರತೀಯ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆ ಇದೆ, ಬೆಂಗಳೂರಿನ ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ಟಿವಿ ಸಂಸ್ಥೆ ಇದೆ. ಪುಣೆಯಲ್ಲಿ ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿ ಬೇರೆ ಬೇರೆ ವಿಭಾಗಗಳು, ಪ್ರವೇಶ ಪರೀಕ್ಷೆ ಬರೆಯಬೇಕು. ಐವರೂ ನಿರ್ದೇಶನಕ್ಕೇ ಅರ್ಜಿ ಹಾಕುವ ಮುಂಚೆ ಒಂದು ಹೆಸರು ನೆನಪಿಸಿಕೊಳ್ಳಿ: ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಕ್ಯಾಮೆರಾ ಕಲಿತ ವಿ.ಕೆ. ಮೂರ್ತಿ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದರು. ಛಾಯಾಗ್ರಾಹಕರೊಬ್ಬರಿಗೆ ಅದು ಸಂದದ್ದು ಅದೇ ಮೊದಲು.

ನಿಮ್ಮ ಬಜೆಟ್ ಹಾಳೆಯಲ್ಲಿ ಕ್ಯಾಮೆರಾ ಬಾಡಿಗೆ, ಗಾಡಿ, ಊಟ ಇವೆ. ಒಂದು ಬಾಬತ್ತು ಇಲ್ಲ. ನೀವು ಎರಡು ದಿನ ಆ ಮನೆಯಲ್ಲಿದ್ದರೆ ಎರಡು ದಿನ ಅವರ ಮಗ್ಗ ನಿಮ್ಮ ಮಾತಿನಂತೆ ನಿಲ್ಲುತ್ತದೆ, ಓಡುತ್ತದೆ. ಆ ದಿನಗಳ ದುಡಿಮೆ ಅವರಿಗೆ ಇಲ್ಲ. ಮನೆಯವರು ದಿನಕ್ಕೆ ಎಷ್ಟು ಖಣ ನೇಯುತ್ತಾರೆ, ಅದರ ಕೂಲಿ ಎಷ್ಟು ಎಂದು ಕೇಳಿ, ಎರಡು ದಿನದ್ದನ್ನು ಹಾಳೆಯ ಮೊದಲ ಸಾಲಿನಲ್ಲಿ ಬರೆದು, ಕ್ಯಾಮೆರಾ ಹೊರತೆಗೆಯುವ ಮುಂಚೆ ಕೈಗೆ ಕೊಡಿ.