ಕೊಳೆ ಮದ್ದು ನೀವೇ ಹೊಡೆಸಬಹುದು, ಅಕ್ಕಾ

ಯಜಮಾನರು ಗಡಿಯಲ್ಲಿದ್ದಾರೆ, ಮಳೆ ಹತ್ತಿರ ಬಂತು, ಶಿರಸಿಯ ಅಡಿಕೆ ತೋಟಕ್ಕೆ ಕೊಳೆ ಮದ್ದು, ಅಂದರೆ ಮಳೆಗಾಲದಲ್ಲಿ ಕಾಯಿ ಕೊಳೆಯುವ ರೋಗದ ಮದ್ದು, ಹೊಡೆಸೋದು ಹೇಗೆ ಅಂತ ಕೇಳಿದ್ದೀರಿ. 1999ರಲ್ಲಿ ಅಪ್ಪ ಕಾರ್ಗಿಲ್‌ನಲ್ಲಿದ್ದಾಗ ನಮ್ಮಮ್ಮನಿಗೂ ಇದೇ ಚಿಂತೆ.

ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನಿಗೆ ಇವತ್ತೇ ಹೇಳಿಡಿ. ಮಳೆ ಹಿಡಿದ ಮೇಲೆ ಅವನು ಸಿಗೋದಿಲ್ಲ. ಕೊಳೆ ಮದ್ದು ಅಂದರೆ ಬೋರ್ಡೋ ದ್ರಾವಣ, ಅದನ್ನು ನೀವೇ ಮಾಡಬಹುದು. 1 ಕೆಜಿ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) 50 ಲೀಟರ್ ನೀರಲ್ಲಿ, 1 ಕೆಜಿ ಸುಣ್ಣವನ್ನು ಇನ್ನೊಂದು 50 ಲೀಟರಲ್ಲಿ ಕರಗಿಸಿ. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯುತ್ತಾ ಕಲಕಿ. ಅಮ್ಮ ತಿಕ್ಕಿ ಹೊಳೆಯುವಂತೆ ಮಾಡಿದ ಕತ್ತಿಯ ತುದಿಯನ್ನು ಅದರಲ್ಲಿ ಅದ್ದಿ, ಬೆಳಕಿಗೆ ಹಿಡಿದು ನೋಡುತ್ತಿದ್ದಳು. ತಾಮ್ರದ ಕೆಂಪು ಹತ್ತಿದ್ದರೆ ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಕಲಸಿದ್ದನ್ನು ಅವತ್ತೇ ಮುಗಿಸಿ. 40-45 ದಿನಕ್ಕೆ ಎರಡನೇ ಸಲ ಹೊಡೆಸಿ.

ಇನ್ನೊಂದು ಮಾತು. ಸಹಕಾರಿ ಸೊಸೈಟಿ ಖಾತೆ ಯಜಮಾನರೊಬ್ಬರ ಹೆಸರಲ್ಲಿದ್ದರೆ ನಿಮ್ಮ ಹೆಸರಿಗೆ ಅಧಿಕಾರಪತ್ರ ಮಾಡಿಸಿಕೊಳ್ಳಿ. ಅದಿಲ್ಲದೆ ಅಮ್ಮ ಕೂಲಿ ಕೊಡಲು ತುಂಬಾ ಪರದಾಡಿದಳು.

ಫೋನ್ ಸಿಕ್ಕಾಗ ತೋಟದ ಸುದ್ದಿಯನ್ನೂ ಹೇಳಿ. 'ಎರಡನೇ ಮದ್ದಾಯ್ತು, ಎಮ್ಮೆ ಕರು ಹಾಕಿತು' ಅಂತ ಅಮ್ಮ ಬರೆದ ಇನ್‌ಲ್ಯಾಂಡ್ ಪತ್ರವನ್ನು ಅಪ್ಪ ಇನ್ನೂ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ.