ಗೇರ್ ಆಯಿಲ್ ಈಗಲೇ ಬದಲಿಸಿ

ಅಮೆರಿಕದ ಮಿನ್ನೆಸೋಟದ ಚಳಿಗೆ 20 ಎಚ್‌ಪಿ ಫೋರ್‌ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಕೂರಿಸುವ ಮೋಟಾರ್) ಎತ್ತಿಡುತ್ತಿದ್ದೀರಿ, ಗೇರ್ ಆಯಿಲ್ ಏಪ್ರಿಲ್‌ನಲ್ಲಿ ಬದಲಿಸಿದರೆ ಸಾಲದೇ ಅಂತ ಕೇಳಿದ್ದೀರಿ. ಸಾಲದು, ದಯವಿಟ್ಟು ಈಗಲೇ ಮಾಡಿ. ನೀರು ತಡೆಯುವ ಸೀಲ್ ಸವೆದು ಒಳಗೆ ನೀರು ಸೇರಿದ್ದರೆ, ಹೆಪ್ಪುಗಟ್ಟುವಾಗ ಅದು ಸುಮಾರು 9% ಹಿಗ್ಗುತ್ತದೆ. ಗೇರ್‌ಗಳಿರುವ ಅಲ್ಯೂಮಿನಿಯಂ ಪೆಟ್ಟಿಗೆ, ಅಂದರೆ ಗೇರ್‌ಕೇಸ್, ಸೀಳಿಬಿಡಬಹುದು.

ಗೇರ್‌ಕೇಸ್‌ನ ಕೆಳಗಿನ ಸ್ಕ್ರೂ ಬಿಚ್ಚಿ, ಆಮೇಲೆ ಮೇಲಿನದು. ಇಳಿಯುವ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣದಲ್ಲಿದ್ದರೆ ನೀರು ಹೊಕ್ಕಿದೆ ಅಂತಲೇ ಅರ್ಥ, ಹೊಸ ಸೀಲ್ ಹಾಕಿಸಬೇಕು. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದ ಪಂಪ್ ಮಾಡಿ, ಮೇಲಿನ ತೂತಿನಲ್ಲಿ ಉಕ್ಕುವವರೆಗೂ ತುಂಬಿ. ಮೇಲಿನಿಂದ ಸುರಿದರೆ ಗಾಳಿ ಸಿಕ್ಕಿಕೊಳ್ಳುತ್ತದೆ. ಮುಚ್ಚುವಾಗ ಮೇಲಿನ ಸ್ಕ್ರೂ ಮೊದಲು. ವಾಷರ್ ಹೊಸದೇ ಇರಲಿ, ಅದರಲ್ಲಿ ಜಿಪುಣತನ ಬೇಡ.

ಎಂಜಿನ್ ಆಯಿಲ್ ಕೂಡ ಇದೇ ಹೊತ್ತಿಗೆ ಬದಲಿಸಿ. ಪೆಟ್ರೋಲಿಗೆ ಸ್ಟೆಬಿಲೈಸರ್ (ಅದು ಕೆಡದಂತೆ ತಡೆಯುವ ದ್ರವ) ಬೆರೆಸಿ ಎಂಜಿನ್ ಹತ್ತು ನಿಮಿಷ ಓಡಿಸಿ, ಆದರೆ ಪೈಪಿನ ನೀರು ಕೊಟ್ಟೇ ಓಡಿಸಿ. ನೀರಿಲ್ಲದೆ ಓಡಿದರೆ ರಬ್ಬರ್ ಇಂಪೆಲ್ಲರ್ (ತಂಪು ನೀರಿನ ಪಂಪಿನ ಚಕ್ರ) ಬಹಳ ಬೇಗ ಹಾಳಾಗುತ್ತದೆ.

ಇನ್ನೊಂದು ಮುಖ್ಯ ಮಾತು: ಮೋಟಾರನ್ನು ನೆಟ್ಟಗೆ ನಿಲ್ಲಿಸಿಯೇ ಇಡಿ. ಉಳಿದ ನೀರು ತಾನಾಗಿ ಇಳಿದುಹೋಗುತ್ತದೆ.